ಪಾರ್ವತಕ್ಕನ ಕೈಗೆ ಸಿಕ್ಕ ಮಿಲಿಟ್ರಿ ಮೊಣಕಾಲು

ಪಾರ್ವತಕ್ಕ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಚಪ್ಪಲಿ ನೋಡುತ್ತಿದ್ದರು. ಹಿಂದೂಪುರದಲ್ಲಿ ಅವರ ಫಿಸಿಯೋಥೆರಪಿ ಕ್ಲಿನಿಕ್ಕು. ಬುಧವಾರ ಮಾತ್ರ ನಮ್ಮ ಕಡೆಯವರಿಗಾಗಿ ಬಸ್ಸು ಹಿಡಿದು ಕಲ್ಯಾಣದುರ್ಗಕ್ಕೆ ಬರುತ್ತಿದ್ದರು. ನಾನು ಕಂಬದೂರಿನವನು, ಸೈನ್ಯದಲ್ಲಿ ನಾಯಕ್. ರಜೆಗೆ ಬಂದವನು ಕುಂಟುತ್ತಾ ಅವರ ಹತ್ತಿರ ಹೋದಾಗ ನನ್ನ ಬೂಟು ಎತ್ತಿ ಅಟ್ಟೆ ತಿರುಗಿಸಿದರು. "ಬರೀ ಒಳಗಡೆನೇ ಸವೆದೈತಲ್ಲಪ್ಪಾ! ನಿನ್ ಮೊಣಕಾಲು ಎರಡೂ ಗುಟ್ಟು ಮಾತಾಡ್ಕೊಂಡು ನಡೀತಾವೇನೋ" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮೊಣಕಾಲು ಒಳಕ್ಕೆ ವಾಲಿದವನು ಹೊರೆ ಹೊತ್ತು ಓಡಿದರೆ ನೋವು ಬರದೆ ಇನ್ನೇನು? ಆದರೆ ಸೈನ್ಯದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಮೆಡಿಕಲ್ ಕೆಟಗರಿ, ಅಂದರೆ ಆರೋಗ್ಯದ ದರ್ಜೆ, ಇಳಿಸುತ್ತಾರೆ, ಮನೆಗೇ ಕಳಿಸಿಬಿಟ್ಟರೆ ಎಂಬ ಭಯ. ಮಾತ್ರೆ ನುಂಗಿ, ಪ್ಯಾಂಟಿನೊಳಗೆ ಪಟ್ಟಿ ಬಿಗಿದು ಓಡುತ್ತೇವೆ. ಆ ಯೂನಿಫಾರ್ಮ್ ಬಿಟ್ಟರೆ ನನಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ಮೊಣಕಾಲು ಒಳಕ್ಕೆ ಬೀಳದಂತೆ ಇನ್ನೊಂದು ಕಾಲನ್ನು ಕೆಳಗಿಳಿಸುವ ಅಭ್ಯಾಸವನ್ನು ಅಕ್ಕ ಹೇಳಿಕೊಟ್ಟರು. ನಾನೋ, ಪರೇಡ್ ಮೈದಾನದ ಗಿರಾಕಿ! ಮನೆಯ ಮೆಟ್ಟಿಲ ಮೇಲೆ ಏಕ್, ದೋ ಎಂದು ಕೂಗುತ್ತಾ, ಧಡ್ ಧಡ್ ಎಂದು ಕಾಲು ಬಡಿಯುತ್ತಾ, ಅವರು ಹೇಳಿದ್ದಕ್ಕಿಂತ ದುಪ್ಪಟ್ಟು ಮಾಡಿದೆ. ಮುಂದಿನ ಬುಧವಾರಕ್ಕೆ ಮೊಣಕಾಲು ಬನ್ನಿನಂತೆ ಊದಿತ್ತು.

"ಅಯ್ಯೋ ಶಿವನೇ! ಯುದ್ಧ ಮಾಡು ಅಂದಿದ್ನೇನ್ಲಾ ನಾನು? ನಿದಾನಂಗಾ ನಾಯನಾ, ನಿದಾನಂಗಾ. ತುಂಬಿದ ಬಿಂದಿಗೆ ಇಳಿಸ್ದಂಗೆ ಇಳಿಸ್ಬೇಕು ಕಾಲ್ನ."

ಬಯ್ಯುತ್ತಲೇ ಐಸ್ ಇಟ್ಟರು. ಬಯ್ಯುತ್ತಲೇ ತಮ್ಮ ಡಬ್ಬಿಯ ಒಬ್ಬಟ್ಟು ಮುರಿದು ಕೊಟ್ಟರು. ಅಂಥ ಬೈಗುಳ ತಿನ್ನಲೂ ಪುಣ್ಯ ಬೇಕು.

ರಜೆ ಮುಗಿದ ದಿನ ರೈಲಿಗೆ ಮೊದಲು ಹಿಂದೂಪುರದ ಕ್ಲಿನಿಕ್ಕಿಗೇ ಹೋದೆ. "ಅಕ್ಕಾ, ಮೊದ್ಲಿನಂಗೆ ಓಡ್ತೀನಾ?"

"ಓಡ್ತೀಯ. ಮೊದ್ಲಿನಂಗಲ್ಲ ಕಣಪ್ಪ. ಹೋದೇಟ್ಗೆ ಅಲ್ಲಿ ಡಾಕ್ಟರಿಗೆ ನಿಜ ಹೇಳ್ಬುಡು. ಮುಚ್ಚಿಟ್ಕೊಂಡು ಓಡಿದ್ರೆ ಕಾಲೂ ಹೋಯ್ತದೆ, ಕೆಲ್ಸಾನೂ ಹೋಯ್ತದೆ."

ನಾನು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಅಕ್ಕ ಎದ್ದು ಪರದೆ ಎಳೆದರು. "ಅಳು, ಪರ್ವಾಗಿಲ್ಲ. ಇಲ್ಲಿ ನಿಮ್ ಸಾಹೇಬ್ರು ಯಾರೂ ಇಲ್ಲ" ಎಂದು ತಲೆ ಸವರಿದರು.

ಹೋಗಿ ಹೇಳಿದೆ. ಪರೀಕ್ಷೆ, ಮೆಡಿಕಲ್ ಬೋರ್ಡು, ಕಾಯುವುದು ಎಂದು ತಿಂಗಳುಗಳೇ ಕಳೆದವು. ತೀರ್ಮಾನ ತಿಳಿಯದೆ ಅಕ್ಕನಿಗೆ ಏನೆಂದು ಫೋನ್ ಮಾಡಲಿ ಎಂದು ಸುಮ್ಮನಿದ್ದೆ. ಕೊನೆಗೆ ಗಸ್ತು ತಪ್ಪಿಸಿ, ಹೊಸಬರಿಗೆ ತರಬೇತಿ ಕೊಡುವ ಕೆಲಸಕ್ಕೆ ಹಾಕಿದರು. ಯೂನಿಫಾರ್ಮ್ ಉಳಿಯಿತು! ಕುಣಿದಾಡುವ ಖುಷಿಯಲ್ಲಿ ಅಕ್ಕನ ನಂಬರು ಒತ್ತಿದೆ. ಎತ್ತಿದವಳು ಅವರ ಮಗಳು.

"ಅಮ್ಮ ಹೋದ ತಿಂಗ್ಳೇ ತೀರ್ಕೊಂಡ್ರಣ್ಣ. ಆಸ್ಪತ್ರೇಲಿದ್ದಾಗ್ಲೂ 'ಆ ಕಂಬದೂರು ಮಿಲಿಟ್ರಿಯವ್ನು ನಿಜ ಹೇಳಿದ್ನೋ ಇಲ್ವೋ' ಅಂತ ಕೇಳ್ತಾನೇ ಇದ್ರು."

ಫೋನನ್ನು ಕಿವಿಗೊತ್ತಿಕೊಂಡು, "ಹೇಳ್ದೆ ಅಕ್ಕಾ, ಹೇಳ್ಬುಟ್ಟೆ" ಎಂದೆ.