ಚೆಕ್ಕುಬಂದಿಯಲ್ಲಿ ರಹಮತುನ್ನೀಸಾ

ಜಮೀನಿನ ಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತಾರೆ: ಪೂರ್ವಕ್ಕೆ ಇಂಥವನ ಹೊಲ, ಪಶ್ಚಿಮಕ್ಕೆ ಇಂಥವಳ ಮನೆ. ಅಲ್ಲಿ ಹೆಸರು ಬಂದವರಿಗೆ ಆ ಜಮೀನಿನಲ್ಲಿ ಒಂದು ಹಿಡಿ ಮಣ್ಣಿನ ಹಕ್ಕೂ ಇರುವುದಿಲ್ಲ. ಹೊಲ ಇದ್ದವರಿಗೆಲ್ಲ ಇದು ಗೊತ್ತು. ಹುಳುಗಲ್ಲಿಯಲ್ಲಿ ಯಾರಿಗೂ ಹೊಲವಿರಲಿಲ್ಲ.

ಹುಳುಗಲ್ಲಿ ಇರುವುದು ಶಿಡ್ಲಘಟ್ಟ–ಚಿಂತಾಮಣಿ ರಸ್ತೆಯಿಂದ ಒಳಗೆ, ನಮ್ಮ ಊರಿನ ತಗ್ಗಿನಲ್ಲಿ. ಎರಡೂ ಸಾಲಿನಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳು. ಗೂಡು ಬೇಯಿಸಿದ ನೀರು, ಸತ್ತ ಹುಳು, ಎಲ್ಲ ನಡುವಿನ ಮಣ್ಣು ಮೋರಿಗೆ. ಮಳೆ ಬಂದರೆ ಮೋರಿಯೇ ಮನೆಯೊಳಕ್ಕೆ. ರಹಮತುನ್ನೀಸಾ ಮದುವೆಯಾಗಿ ಬಂದ ವಾರವೇ ಈ ನೀರನ್ನು ಬಾಚಿ ಹೊರಗೆ ಚೆಲ್ಲಿದ್ದಳಂತೆ. ಗಂಡ ಅಸ್ಗರ್ ಉಬ್ಬಸದಿಂದ ತೀರಿಕೊಂಡ. ಅವಳು ಚರಕ ಬಿಡಲಿಲ್ಲ. ಬಿಸಿನೀರಿನಲ್ಲಿ ಬೆಂದು ಬೆರಳ ಗೆರೆಗಳು ಅಳಿಸಿಹೋಗಿ, ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತಿಸುವುದಿಲ್ಲ. ಬಾಯನ್ನು ಮಾತ್ರ ಎಲ್ಲ ಕಚೇರಿಯವರೂ ಗುರುತಿಸುತ್ತಾರೆ.

ಎದುರು ಸಾಲಿನ ಆಂಜಿನಮ್ಮ ಅವಳ ಜೊತೆಗಾತಿ. ಮೋರಿಗೆ ಕಾಂಕ್ರೀಟ್ ಹಾಕಿಸಿ ಎಂದು ಈ ಇಬ್ಬರು ಧರಣಿ ಕೂತಷ್ಟು ನಾನು ಕೆಲಸ ಮಾಡುವ ಸಂಘಟನೆಯ ಮುಖಂಡರೂ ಕೂತಿಲ್ಲ. ಪ್ರತಿ ಸಲ ಒಂದೇ ಉತ್ತರ: ನಿಮ್ಮ ಗಲ್ಲಿಯಿಂದ ಮೆಂಬರ್ ಇಲ್ಲವಲ್ಲ.

ಊರು ಪಟ್ಟಣ ಪಂಚಾಯಿತಿಯಾಯಿತು. ಹೊಸದಾಗಿ ವಾರ್ಡು ವಿಂಗಡಿಸುತ್ತಾರೆ ಎಂದು ಸುದ್ದಿ ಬಂತು. ಎರಡೂ ಸಾಲು ಒಂದೇ ವಾರ್ಡಿಗೆ ಬಿದ್ದರೆ ಅಲ್ಲಿ ಗಲ್ಲಿಯ ಓಟೇ ಹೆಚ್ಚು. ರಹಮತುನ್ನೀಸಾ ನಿಲ್ಲಬೇಕೆಂದು ತೀರ್ಮಾನವಾಯಿತು.

"ನಾನು ಮೆಂಬರ್ ಆದ್ರೆ ಮೊದ್ಲು ಇವಳ ಬಾಯಿಗೆ ಮೋರಿ ಕಟ್ಟಿಸ್ತೀನಿ," ಎಂದು ಅವಳು ಆಂಜಿನಮ್ಮನನ್ನು ತೋರಿಸಿದಳು.

"ಕಟ್ಸಮ್ಮಾ. ಕಮಿಷನ್ ಮಾತ್ರ ನಂಗೇ ಕೊಡು," ಎಂದಳು ಆಂಜಿನಮ್ಮ.

ಕರಡು ಪ್ರಕಟಣೆಯನ್ನು ಕಚೇರಿಯ ಗೋಡೆಗೆ ಅಂಟಿಸಿದರು. ಯಾರೋ ಅದರ ಫೋಟೊ ತೆಗೆದು ಗಲ್ಲಿಗೆ ತಂದರು. ಅಚ್ಚಿನಲ್ಲಿ 'ರಹಮತುನ್ನೀಸಾ ಮನೆ' ಎಂದಿತ್ತು. ಸರ್ಕಾರವೇ ಅವಳ ಹೆಸರು ಹಾಕಿದೆ! ಆಂಜಿನಮ್ಮ ಜಿಲೇಬಿ ತಂದು ಹಂಚಿದಳು. ನಾನು ಹೋಗುವ ಹೊತ್ತಿಗೆ ಗಲ್ಲಿಗೆಲ್ಲ ಬಾಯಿ ಸಿಹಿ.

"ಓದಣ್ಣಾ, ಜೋರಾಗಿ ಓದು," ಎಂದಳು ರಹಮತುನ್ನೀಸಾ.

ಓದಿದೆ. "ಪೂರ್ವಕ್ಕೆ: ರಹಮತುನ್ನೀಸಾ ಮನೆಯಿಂದ ಮೋರಿಯ ಮಧ್ಯದಲ್ಲಿ ದಕ್ಷಿಣಾಭಿಮುಖವಾಗಿ ಸಾಗಿ, ಬೇವಿನಮರದವರೆಗೆ."

ಗಲ್ಲಿಯ ನಡುವೆಯೇ ವಾರ್ಡಿನ ಗಡಿ: ಅವಳ ಸಾಲು ಪೇಟೆಬೀದಿಯ ವಾರ್ಡಿಗೆ. ಆಂಜಿನಮ್ಮನ ಸಾಲು ಹೊಸ ಬಡಾವಣೆಯ ವಾರ್ಡಿಗೆ. ಎರಡರಲ್ಲೂ ಗಲ್ಲಿಯವರು ಎಲೆ ತುದಿಯ ಉಪ್ಪಿನಕಾಯಿಯಷ್ಟು. ಆ ಗೆರೆಯನ್ನು ಯಾರ ಮನೆಯ ಜಗುಲಿಯಲ್ಲಿ ಕೂತು ಎಳೆದರೋ ಕಾಣೆ.

"ಅಂದ್ರೆ ನಾನು ಎಲ್ಲಿದೀನಿ ಇದ್ರಲ್ಲಿ?"

"ನೀನು ಗಡಿಕಲ್ಲು ಕಣಮ್ಮ."

ಆಂಜಿನಮ್ಮ ಉಳಿದ ಜಿಲೇಬಿಯ ಪೊಟ್ಟಣವನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.

ಆಕ್ಷೇಪಣೆಗೆ ಕೊಟ್ಟಿದ್ದ ವಾರದಲ್ಲಿ ಅರ್ಧವನ್ನು ಹಬ್ಬದ ರಜೆ ತಿಂದಿತು. ಉಳಿದ ದಿನಗಳಲ್ಲಿ ಎರಡೂ ಸಾಲಿನವರು ಅರ್ಜಿಗೆ ಸಹಿ, ಹೆಬ್ಬೆಟ್ಟು ಒತ್ತಿದರು. ರಹಮತುನ್ನೀಸಾಳ ಹೆಬ್ಬೆಟ್ಟು ಬರೀ ಮಸಿಯ ಉಂಡೆಯಾಗಿ ಮೂಡಿತು. ವಿಚಾರಣೆಯಲ್ಲಿ ಅಧಿಕಾರಿ ತಲೆಯೆತ್ತದೆ ಹೇಳಿದರು: "ಜನಸಂಖ್ಯೆ ಸಮ ಮಾಡ್ಬೇಕಲ್ಲಮ್ಮ."

"ಸಮ ಮಾಡಕ್ಕೆ ನಮ್ ಗಲ್ಲಿನೇ ಸೀಳ್ಬೇಕಾ ಸಾರ್? ಪೇಟೆಬೀದಿ ಯಾಕೆ ಸೀಳ್ಲಿಲ್ಲ?"

"ನಕ್ಷೆ ನೋಡಿ ಮಾಡಿರೋದು."

"ತೋರ್ಸಿ."

"ಅದು ಕಂಪ್ಯೂಟರ್‌ನಲ್ಲಿದೆ."

"ಕಂಪ್ಯೂಟರೇ ತೋರ್ಸಿ."

"ಆಪರೇಟರ್ ರಜ."

ಅವಳಿಗೆ ರೇಗಿತು. "ಹಂಗಾದ್ರೆ ನನ್ ಹೆಸರು ತೆಗೀರಿ ಅದ್ರಿಂದ! ನನ್ ಮನೆಯಿಂದ ಗೆರೆ ಎಳೆಯಕ್ಕೆ ಯಾರನ್ನ ಕೇಳಿದ್ರಿ?"

ಅಧಿಕಾರಿ ಆಗ ಪೆನ್ನು ತೆಗೆದು ಏನೋ ಬರೆದುಕೊಂಡರು. ನಮಗೆ ಆಸೆ ಹುಟ್ಟಿದ್ದು ಅದೊಂದೇ ಗಳಿಗೆ.

ಅಂತಿಮ ಪ್ರಕಟಣೆ ಬಂತು. 'ಆಕ್ಷೇಪಣೆಯನ್ನು ಭಾಗಶಃ ಪುರಸ್ಕರಿಸಲಾಗಿದೆ.' ರಹಮತುನ್ನೀಸಾ ಮನೆ ಎಂದಿದ್ದಲ್ಲಿ 'ದಿವಂಗತ ಅಸ್ಗರ್ ಮನೆ' ಎಂದು ತಿದ್ದಿದ್ದರು. ಗೆರೆ ಅಲ್ಲೇ ಇತ್ತು. ಕೋರ್ಟಿಗೆ ಹೋಗೋಣವೆಂದು ವಕೀಲರನ್ನು ಹಿಡಿಯುವಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಚುನಾವಣೆ ಶುರುವಾದ ಮೇಲೆ ಕೋರ್ಟು ಕೈಹಾಕುವುದಿಲ್ಲ ಎಂದರು ವಕೀಲರು.

ಆದರೂ ಅವಳು ನಿಂತಳು, ಸೋತಳು. ಅವಳಿಗಾಗಿ ಬೀದಿ ಬೀದಿ ಸುತ್ತಿದ ಆಂಜಿನಮ್ಮನ ಓಟು ಗೆರೆಯಾಚೆ ಇತ್ತು. ಗೆದ್ದವನು ಪೇಟೆಬೀದಿಯ ಚಲಪತಿ. ಮೋರಿ ಕೇಳಿದರೆ, "ಅರ್ಧ ಮೋರಿ ನನ್ ವಾರ್ಡಲ್ಲೇ ಇಲ್ಲಮ್ಮ, ನಾನೇನ್ ಮಾಡ್ಲಿ?" ಎಂದ. ಆಚೆ ವಾರ್ಡಿನ ಮೆಂಬರೂ ಅದನ್ನೇ ಹೇಳಿದ.

ಮಳೆಗಾಲದ ಮುಂಚೆ ಚಲಪತಿ ತನ್ನ ಪಾಲಿನ ಕೆಲಸ ಮಾಡಿಸಿಯೇಬಿಟ್ಟ. ರಹಮತುನ್ನೀಸಾಳ ಸಾಲಿನ ಉದ್ದಕ್ಕೂ ಮೊಣಕಾಲೆತ್ತರದ ಸಿಮೆಂಟು ಕಟ್ಟೆ. ಮೊದಲ ಮಳೆಗೆ ಗಲ್ಲಿಯ ಹೊಲಸು ನೀರೆಲ್ಲ ಎದುರು ಸಾಲಿಗೆ ನುಗ್ಗಿತು.

ಆಂಜಿನಮ್ಮ ಮೊರದಲ್ಲಿ ಹುಳು ಬಾಚುತ್ತಿದ್ದಳು. "ಕಟ್ಟಿಸ್ತೀನಿ ಅಂದಿದ್ದೆಯಲ್ಲ ರಹಮತೂ. ಬಾಯಿಗೇ ಬಂತು ನೋಡು."

ರಹಮತುನ್ನೀಸಾ ಒಳಗೆ ಹೋಗಿ ಹಾರೆ ತಂದಳು. ಕಟ್ಟೆಗೆ ಒಂದೇಟು ಬಿದ್ದಿತ್ತಷ್ಟೆ, ಪಕ್ಕದ ಮನೆಯ ನಯೀಮ್ ಬಂದು ಹಾರೆ ಹಿಡಿದುಕೊಂಡ. ಅವನ ಹಿಂದೆ ಸಾಲಿನವರೆಲ್ಲ ಬಂದು ನಿಂತರು.

"ಚಾಚೀ, ಬಿಡಿ. ನಮ್ ಮಗು ಮಳೆಗಾಲದಲ್ಲಿ ಒಣಗಿದ ನೆಲದ ಮೇಲೆ ಮಲಗಿರೋದು ಇದೇ ಮೊದ್ಲು."

"ಆ ಕಡೆ ಮಕ್ಕಳಿಲ್ವೇನೋ?"

"ಅವ್ರಿಗೆ ಅವ್ರ ಮೆಂಬರ್ ಇದಾನಲ್ಲ."

ಕಚೇರಿಯವರ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದ್ದ ಮಾತು ಈಗ ಪಕ್ಕದ ಮನೆಯವನ ಬಾಯಲ್ಲಿ. ಅವಳು ಹಾರೆ ಬಿಟ್ಟಳು.

ಆಂಜಿನಮ್ಮ ಈಗ ಗಲ್ಲಿ ದಾಟುವುದಿಲ್ಲ. ಮೊನ್ನೆ ಮೋರಿಯ ವಿಚಾರಕ್ಕೇ ಮತ್ತೆ ಧರಣಿ ಇಟ್ಟು, ಕರೆಯಲು ರಹಮತುನ್ನೀಸಾಳ ಮನೆಗೆ ಹೋದೆ. ಅವಳು ಬೇಯುವ ಗೂಡಿನಿಂದ ಎಳೆ ಹುಡುಕುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

"ಯಾವ ಸಾಲಿನ ಪರವಾಗಿ ಕೂರ್ಲಣ್ಣಾ?"