ಬೆನ್ನು ತಿರುಗಿದಾಗ ಕೊಳಲು

ಬೆಳಗಿನ ಆರು ಗಂಟೆ. ಗಂಗಾವತಿಯ ಹೊರವಲಯದ ಅಕ್ಕಿ ಗಿರಣಿಯೊಂದರ ಕಣದಲ್ಲಿ ಹಬೆಯಾಡುತ್ತಿದೆ. ರಾತ್ರಿ ಬೇಯಿಸಿದ ಭತ್ತವನ್ನು ಆಗಷ್ಟೇ ಹರಡಿದ್ದಾರೆ. ಆರು ಮಂದಿ ಹೆಂಗಸರು ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು, ಸಾಲಾಗಿ, ಪಾದಗಳನ್ನು ಎತ್ತದೆ ಭತ್ತದೊಳಗೆ ಎಳೆಯುತ್ತ ನಡೆಯುತ್ತಾರೆ. ಕೆಳಗಿನ ಹಸಿ ಕಾಳು ಮಗುಚಿ ಮೇಲೆ ಬರುತ್ತದೆ. ಕಣದ ಅಂಚು ಬಂದೊಡನೆ ಆರೂ ಜನ ಒಮ್ಮೆಗೇ ಹೊರಳುತ್ತಾರೆ. ನಡೆಯುವಾಗ ಹಾಡುತ್ತಾರೆ. ಬಾಯ್ಲರ್ ಮನೆಯ ಬಾಗಿಲಲ್ಲಿ ನಿಂತ ಹನಮೇಶ ಅವರ ಹೆಜ್ಜೆ ಎಣಿಸುತ್ತಾರೆ.

"ಈ ಕಡಿಂದ ಆ ಕಡಿಗೆ ನಲವತ್ತು ಹೆಜ್ಜಿ ರೀ. ದುರುಗವ್ವಗ ಮೂವತ್ತೆಂಟ. ಆಕಿ ಕಾಲು ಉದ್ದ ಅದಾವ."

"ನನ್ನ ಕಾಲು ಅಳಿಯೂದು ಬಿಟ್ಟು ಒಲಿ ನೋಡೋ ತಮ್ಮಾ, ಆರೀತು," ಎಂದು ಸಾಲಿನ ಮೊದಲಲ್ಲಿರುವ ದುರುಗವ್ವ ಕಣದಿಂದಲೇ ಕೂಗುತ್ತಾರೆ. ಉಳಿದವರು ನಗುತ್ತಾರೆ. ಹೆಜ್ಜೆ ಮಾತ್ರ ತಪ್ಪುವುದಿಲ್ಲ.

ಐವತ್ತೊಂದು ವರ್ಷದ ಹನಮೇಶ ಹತ್ತೊಂಬತ್ತು ವರ್ಷಗಳಿಂದ ಈ ಬಾಯ್ಲರಿಗೆ ಹೊಟ್ಟು ಉಣಿಸುತ್ತಿದ್ದಾರೆ. ನಸುಕಿನ ಮೂರಕ್ಕೆ ಏಳುತ್ತಾರೆ. ದಿನಕ್ಕೆ ನೂರಾ ಇಪ್ಪತ್ತು ಚೀಲ ಭತ್ತ ಬೇಯಬೇಕು. ಇದರ ನಡುವೆ ಅವರು ಕೊಳಲು, ಹಾರ್ಮೋನಿಯಂ, ತಬಲಾ ಮತ್ತು ಈ ಆರು ದನಿಗಳಿಗಾಗಿ ಹನ್ನೊಂದು ಸಂಗೀತ ರಚನೆಗಳನ್ನು ಮಾಡಿದ್ದಾರೆ. ರಾಗ, ಮಾತು ಎರಡೂ ಅವರವೇ. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಸ್ವರಗಳ ಕೆಳಗೆ ಸಣ್ಣ ಚುಕ್ಕಿಗಳಿವೆ. ಒಂದು ಚುಕ್ಕಿ ಅಂದರೆ ಒಂದು ಹೆಜ್ಜೆ.

ಹುಟ್ಟಿದ್ದು ಯಲಬುರ್ಗಾ ಕಡೆಯ ಹಳ್ಳಿಯಲ್ಲಿ. ತಂದೆ ಭಜನೆಯಲ್ಲಿ ತಾಳ ಹಾಕುತ್ತಿದ್ದರು. ಕೂಲಿಗೆಂದು ಕಾಲುವೆ ನೀರಾವರಿಯ ಈ ಸೀಮೆಗೆ ಬಂದಾಗ ಹನಮೇಶರಿಗೆ ಹದಿನಾಲ್ಕು. ಕೊಳಲನ್ನು ಕೇಳಿ ಕೇಳಿಯೇ ಕಲಿತರು. ಬಾಯ್ಲರ್ ಮನೆಯ ಹಬೆಗೆ ಬಿದಿರು ನೆನೆಯುತ್ತದೆ, ಬೆಂಕಿಯ ಝಳಕ್ಕೆ ಒಣಗುತ್ತದೆ, ಸೀಳುತ್ತದೆ. ಮೂರು ಕೊಳಲು ಹಾಗೆ ಹೋದವು. ನಾಲ್ಕನೆಯದಕ್ಕೆ ತೌಡಿನ ಎಣ್ಣೆ ಸವರಿ ಹೊಟ್ಟು ತುಂಬಿದ ಡಬ್ಬಿಯೊಳಗೆ ಮಲಗಿಸುತ್ತಾರೆ. "ತೊಟ್ಟಿಲದಾಗಿನ ಕೂಸು ನೋಡ್ರಿ ಅದು," ಎನ್ನುವಾಗ ಅವರ ಮುಖ ಮೆತ್ತಗಾಗುತ್ತದೆ.

ಹನ್ನೊಂದರಲ್ಲಿ ದೊಡ್ಡದು 'ಹದದ ಬಿಸಿಲು'. ಇಪ್ಪತ್ತೆರಡು ನಿಮಿಷದ ರಚನೆ. ಅದನ್ನು ಜನರೆದುರು ಒಮ್ಮೆಯಾದರೂ ಮೊದಲಿಂದ ಕೊನೆಯವರೆಗೆ ಹಾಡಿಸಬೇಕೆಂಬುದು ಅವರ ಹಟ. ಕಣದಲ್ಲಿ ಅದು ಆಗದು. ಭತ್ತ ಒಣಗಿದರೆ ಬಾಚಬೇಕು, ಮೋಡ ಕಂಡರೆ ತಾಡಪತ್ರಿ ಎಳೆದು ಮುಚ್ಚಬೇಕು. ಕಳೆದ ದೀಪಾವಳಿಯ ನಂತರ ಊರಿನ ಕಾರ್ಯಕ್ರಮವೊಂದರಲ್ಲಿ ಅವಕಾಶ ಸಿಕ್ಕಿತು.

ಅಲ್ಲಿ ಆದದ್ದೇ ಬೇರೆ. ನಿಂತು ಹಾಡಿ ಗೊತ್ತಿಲ್ಲದ ಹೆಂಗಸರು ವೇದಿಕೆಯ ಮೇಲೂ ನಡೆದೇ ಹಾಡಿದರು. ಅಂಚು ಬಂತು, ಕಣದಲ್ಲಿ ಹೊರಳಿದ ಹಾಗೆಯೇ ಹೊರಳಿ, ಜನರಿಗೆ ಬೆನ್ನು ಹಾಕಿ ಹಿಂದಕ್ಕೆ ನಡೆದರು. ಹಾಡು ಮುಗಿದು ಹೊರಟರೆಂದು ಜನ ಚಪ್ಪಾಳೆ ತಟ್ಟಿದರು. ಎರಡನೆಯ ಸಲ ಬೆನ್ನು ತಿರುಗಿದಾಗ ಸಂಘಟಕರು ಶಾಲು ಹಿಡಿದು ಮೇಲೆ ಬಂದೇಬಿಟ್ಟರು.

"ನಾವು ಹೊಳ್ಳಿ ಬರೂದ್ರಾಗ ಮೈಕ್ ಕಿತ್ತಿದ್ರವ್ವಾ," ಎನ್ನುತ್ತಾರೆ ದುರುಗವ್ವ. "ಹಾಡು ಇನ್ನ ಬಾಯಾಗ ಐತಿ, ಕೊರಳಾಗ ಶಾಲು ಬಿತ್ತು. ಮಂದಿ ನಕ್ಕರು. ಇನ್ನ ಬರೂದಿಲ್ಲೋ ತಮ್ಮಾ ಅಂದ್ಬಿಟ್ಟೆ."

ಹನಮೇಶ ಆರೂ ಜನರನ್ನು ನಿಲ್ಲಿಸಿ ಹಾಡಿಸಲು ನೋಡಿದರು. ಎಂಟು ದಿನ ಕಲಿಸಿದರೂ ದನಿ ಏಳಲಿಲ್ಲ. "ಕಾಲು ಆಡಲಿಲ್ಲಂದ್ರ ಉಸುರು ಎಲ್ಲಿ ತಗೋಬೇಕು ತಿಳ್ಯಾಂಗಿಲ್ರಿ ನಮಗ," ಎಂದು ಹೆಂಗಸರು ಕೈ ಚೆಲ್ಲಿದರು. ಆಗ ದಾರಿ ತೋರಿದವರು ಹಾರ್ಮೋನಿಯಂ ನುಡಿಸುವ ಅಬ್ದುಲಸಾಬರು. ಅವರದು ಸೈಕಲ್ ರಿಪೇರಿ ಅಂಗಡಿ. "ಎಲ್ಲಾರೂ ಕೂಡೇ ಯಾಕ ಹಾಡಬೇಕೋ? ಅವರು ಬೆನ್ನು ಮಾಡಿದಾಗ ನೀ ಮಾರಿ ತೋರ್ಸು," ಎಂದರಂತೆ.

ಹನಮೇಶ ಮೂರು ತಿಂಗಳು ಕೂತು ಇಡೀ ರಚನೆಯನ್ನು ತಿರುಗಿ ಬರೆದರು. ಮೊದಲು ಕೊಳಲು ಹಾಡಿನ ಜೊತೆಗೇ ಬರುತ್ತಿತ್ತು. ಈಗ ಹೆಂಗಸರು ಎದುರಿಗೆ ಬರುವಾಗ ಅವರ ದನಿ ಮಾತ್ರ. ಅವರು ಹೊರಳಿದೊಡನೆ ಕೊಳಲು ಅವರ ಕೊನೆಯ ಸ್ವರವನ್ನು ಎತ್ತಿಕೊಳ್ಳುತ್ತದೆ. ಅವರು ಮತ್ತೆ ಮುಖ ತೋರುವವರೆಗೆ ಬಿಡುವುದಿಲ್ಲ. ನಲವತ್ತು ಹೆಜ್ಜೆಯ ಸಾಲುಗಳನ್ನು ವೇದಿಕೆಗಾಗಿ ಹದಿಮೂರಕ್ಕೆ ಇಳಿಸಿದರು. ಕಣದ ಅಂಚಿನಲ್ಲಿ ಅದನ್ನು ನುಡಿಸಿ ತೋರಿಸಿದ ದಿನ ದುರುಗವ್ವ ಪೂರ್ತಿ ಕೇಳಿ, "ಒಂದ ಸಲ ಬರ್ತೀನಿ. ಶಾಲು ತಂದ್ರ ಮಾತ್ರ ನೋಡು," ಎಂದರು.

ಹೋದ ಭಾನುವಾರ ಸಂಜೆ ಆನೆಗೊಂದಿಯ ಶಾಲೆಯೊಂದರ ಕಟ್ಟೆಯ ಮೇಲೆ ಅದು ನಡೆಯಿತು. ಎದುರಿಗೆ ಎಂಬತ್ತು ಜನ ಇದ್ದಿರಬಹುದು. 'ಹದವಾಗಿ ಬಾ ಬಿಸಿಲೆ, ಕಾಳು ಒಡೆಯದ ಹಾಗೆ' ಎನ್ನುತ್ತ ಆರು ಜನ ಬರಿಗಾಲಲ್ಲಿ ಮುಂದೆ ಬಂದರು. ಅಂಚು ಬಂತು. ಹೊರಳಿದರು. ಹಿಂದಿನ ಸಾಲಿನಲ್ಲಿ ಒಂದು ಜೋಡಿ ಕೈ ಚಪ್ಪಾಳೆಗೆ ಮೇಲೆದ್ದಿತು. ಅಷ್ಟರಲ್ಲಿ ಕೊಳಲು ಬಂತು. ಆ ಕೈಗಳು ಹಾಗೆಯೇ ಮಡಿಲಿಗೆ ಇಳಿದವು. ಆಮೇಲೆ ಯಾವ ಸಲ ಹೊರಳಿದರೂ ಚಪ್ಪಾಳೆ ಏಳಲಿಲ್ಲ. ಕೊನೆಯ ಸಾಲಿನಲ್ಲಿ ಹೆಂಗಸರು ಹೊರಳದೆ ಅಂಚಿನಲ್ಲೇ ನಿಂತರು. ಇಪ್ಪತ್ತೆರಡು ನಿಮಿಷ ತುಂಬಿತ್ತು. ಆದರೂ ಜನ ಮತ್ತೆ ಕೊಳಲು ಬಂದೀತೆಂದು ಕಾಯುತ್ತ ಕೂತಿದ್ದರು.

ದುರುಗವ್ವ ಸೆರಗು ಸರಿಮಾಡಿಕೊಂಡು, "ಮುಗೀತ್ರಪಾ. ಇನ್ನ ಬಡೀರಿ," ಎಂದರು. ನಗುವೂ ಚಪ್ಪಾಳೆಯೂ ಒಟ್ಟಿಗೇ ಎದ್ದವು.

ಮೂರು ದಿನದ ನಂತರವೂ ಹನಮೇಶ ಆ ಸಂಜೆ ಬಂದಿದ್ದವರನ್ನೆಲ್ಲ ತಡೆದು, "ಹ್ಯಾಂಗಿತ್ರಿ?" ಎಂದು ಕೇಳುತ್ತಿದ್ದಾರೆ. ಹೊಗಳಿಕೆಗಾಗಿ ಕೇಳುತ್ತಿದ್ದಾರೆಂದು ಕೆಲವರು ತಿಳಿದಿದ್ದಾರೆ. ಅದನ್ನು ವಿಚಾರಿಸಿದರೆ ಹನಮೇಶರಿಗೆ ನಾಚಿಕೆ.

"ಖರೇನ ಗೊತ್ತಿಲ್ರಿ ನನಗ. ಊದೋವಾಗ ನನ್ನ ಉಸುರಷ್ಟ ಕೇಳತೈತಿ. ಆಕಡಿ ಹಾಡು, ಈಕಡಿ ಅಬ್ದುಲಸಾಬರ ಪೆಟ್ಟಿಗಿ, ಎಲ್ಲಾ ಕೂಡಿ ಹ್ಯಾಂಗ ಕೇಳಿಸ್ತದೋ ಏನೋ."

ಅದಕ್ಕೇ ಎರಡು ತಿಂಗಳಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗಿರಣಿಯಲ್ಲಿ ಚೀಲ ಹೊಲಿಯುವ ಶಿವಲೀಲಾ ಅವರಿಗೆ ಕೊಳಲು ಕಲಿಸುತ್ತಿದ್ದಾರೆ. ನಾಲ್ಕು ಸಾಲು ಬಂದಿವೆ. ಹೊಲಿದು ಹೊಲಿದು ಬೆರಳು ಗಟ್ಟಿಯಾಗಿವೆ, ರಂಧ್ರ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ ಎಂದು ಆಕೆ ಬೇಸರಪಟ್ಟರೆ, "ಅವಸರ ಇಲ್ಲವ್ವಾ, ವರ್ಷ ಹಿಡೀಲಿ," ಎಂದು ಸಮಾಧಾನ ಹೇಳುತ್ತಾರೆ.

"ಆಕಿ ಕಲತ್ಳಂದ್ರ," ಎಂದು ಹನಮೇಶ ಒಲೆಗೆ ಹೊಟ್ಟು ಸುರಿಯುತ್ತ ಹೇಳುತ್ತಾರೆ, "ನಾ ಮಂದ್ಯಾಗ ಹೋಗಿ ನೆಲದ ಮ್ಯಾಲ ಕುಂದ್ರತೀನ್ರಿ. ಒಂದ ಸಲ ಪೂರಾ ಕೇಳತೀನಿ."