ಲಿಫ್ಟಿಗೆ ತೊಡಿಸಿದ ಡೆಕೊರೇಟರ್‌ಗಳು

ನೆರೂಳದ ಒಂದು ವಸತಿ ಸೊಸೈಟಿಯ ಲಿಫ್ಟಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಸೆಕ್ರೆಟರಿ ಪಾಟೀಲರಿಗೆ ದಿನಕ್ಕೊಂದು ಹೊಸ ಆಸೆ. ಪ್ರತಿಯೊಂದಕ್ಕೂ ಕೋಡಿನಲ್ಲಿ ಬೇರೆ ಕ್ಲಾಸ್ ಬರೆದು ಸಾಯುವುದೇಕೆಂದು ಡೆಕೊರೇಟರ್ ಪ್ಯಾಟರ್ನ್ ಎಂಬ ವಿನ್ಯಾಸ ಆರಿಸಿದೆ. ಮೂಲ ಲಿಫ್ಟನ್ನು ಮುಟ್ಟದೆ, ಅದು ಓಡುತ್ತಿರುವಾಗಲೇ, ಬೇಕಾದ ಗುಣವನ್ನು ಅಂಗಿಯ ಮೇಲೆ ಅಂಗಿಯಂತೆ ತೊಡಿಸಬಹುದು. ತೊಡಿಸುವ ಆ್ಯಪನ್ನೂ ಅವರ ಕೈಗೇ ಕೊಟ್ಟೆ.

ವಾರದೊಳಗೆ ಅವರ ಫೋನ್ ಬಂತು. "ತಮ್ಮಾ, ಬಾಗ್ಲಾ ತಗೀವಲ್ದು! ನಾ ಲಿಫ್ಟಿನೊಳಗ ಅದೀನಿ!"

ಫೋನಿನ ಹಿನ್ನೆಲೆಯಲ್ಲಿ ಅವರೇ ತೊಡಿಸಿದ ಭಜನೆ, ದಿನದ ಸುವಿಚಾರ, ನೀರು ಬರುವ ಸಮಯ, ಗಣಪತಿ ಹಬ್ಬದ ಶುಭಾಶಯ ಒಂದರ ಬೆನ್ನಿಗೊಂದು ಮೊಳಗುತ್ತಿದ್ದವು. ಅವೆಲ್ಲ ಮುಗಿದ ಮೇಲೆಯೇ ಬಾಗಿಲು ತೆರೆಯುವ ಸರದಿ.

"ಒಂದೆರಡು ತೆಗೆದುಬಿಡಿ, ಸರ್."

"ಭಜನಿ ತಗದ್ರ ಮನ್ಯಾಕಿ ಬಿಡೂದಿಲ್ಲ. ಶುಭಾಶಯದಾಗ ನನ್ನ ಹೆಸರೈತಿ. ಇರ್ಲಿ ಬಿಡು, ಮುಗೀಲಿ."

ಕೊನೆಗೂ ಬಾಗಿಲು ತೆರೆಯಿತು. ಮರುದಿನ ಅವರು ಇನ್ನೊಂದು ಘೋಷಣೆ ಸೇರಿಸಿದರು: "ಅವಸರವಿದ್ದವರು ಮೆಟ್ಟಿಲು ಬಳಸಿರಿ." ಅದು ಕೇಳಿಸುವುದು ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ.